ಕನ್ನಡ ಅನ್ನ ಕೊಡೋದಿಲ್ಲವಂತೆ!



ಪಟನೋಂದಣಿಗೆಂದು ಮನೆ ಮನೆ ತಿರುಗುವ ಕನ್ನಡ ಶಿಕ್ಷಕರೆಲ್ಲರೂ ಒಂದು ಮಾತನ್ನು ಕೇಳಿಯೇ ಇರುತ್ತೀರಿ. "ಸರ, ಕನ್ನಡ ಕಲಿತ್ರ ಅನ್ನ ಸಿಗತೈತೇನ್ರಿ?" ನಾವು ಇದನ್ನು ಮಾಡಗ್ಯಾಳದಲ್ಲಿ ಕೇಳಿದ್ದೇವೆ, ಸಂಖದಲ್ಲಿ ಕೇಳಿದ್ದೇವೆ, ಉಮದಿಯಲ್ಲಿ ಕೇಳಿದ್ದೇವೆ. ಅಕ್ಕಲಕೋಟ ಕಡೆಯ ಶಿಕ್ಷಕ ಮಿತ್ರರೂ ಇದೇ ಮಾತನ್ನು ಹೇಳಿಕೊಂಡು ನಗುತ್ತಾರೆ. ತಮಾಷೆ ಏನೆಂದರೆ ಕೇಳುವವರೆಲ್ಲ ಅಚ್ಚ ಕನ್ನಡದಲ್ಲೇ ಕೇಳುತ್ತಾರೆ! ನಾವು ಚಹಾ ಕುಡಿದು, ನಕ್ಕು, "ವಿಚಾರ ಮಾಡ್ರಿ" ಎಂದು ಕರಪತ್ರ ಕೊಟ್ಟು ಮುಂದಿನ ಮನೆಗೆ ಹೋಗುತ್ತೇವೆ. ಹೀಗಾಗಿ ಆ ಪ್ರಶ್ನೆ ಉತ್ತರವಿಲ್ಲದೆ ಉಳಿದುಬಿಟ್ಟಿದೆ. ಉತ್ತರ ಇಲ್ಲ ಅಂತಲ್ಲ, ಯಾರೂ ಕೂತು ಹೇಳಿಲ್ಲ ಅಷ್ಟೇ.

ಈ ಸಲ ಬೇಸಿಗೆ ರಜೆಯಲ್ಲಿ ಕೂತು ಹೇಳುವ ಪ್ರಸಂಗ ಬಂತು. ಅದೂ ಅನ್ನದ ಗಡಿಗೆಯ ಮುಂದೆಯೇ.

ನಮ್ಮ ಗೆಳೆಯನೊಬ್ಬನಿದ್ದಾನೆ. ಒಂದೇ ಶಾಲೆ, ಒಂದೇ ಬೆಂಚು. ಈಗ ದಾಳಿಂಬೆ ತೋಟ ಮಾಡಿಕೊಂಡು ಚೆನ್ನಾಗಿದ್ದಾನೆ. ಅವನ ಹಿರಿಯ ಮಗ ನಾಲ್ಕನೇ ಇಯತ್ತೆವರೆಗೆ ಕನ್ನಡ ಶಾಲೆಯಲ್ಲಿದ್ದು ಆಮೇಲೆ ಜತ್ತದ ಇಂಗ್ಲಿಷ್ ಶಾಲೆಗೆ ಹೋದ. ಕಿರಿಯ ಮಗಳು ಈ ಜೂನ್‌ಗೆ ಒಂದನೇ ಇಯತ್ತೆ. ಒಂದು ಸಂಜೆ ಫೋನ್ ಮಾಡಿ, "ಮಾಸ್ತರ, ಜತ್ತದಾಗ ಹೊಸಾ ಚೈನೀಸ್ ಹೊಟೇಲ್ ಆಗೈತಿ, ಗಡಿಗ್ಯಾಗ ಅನ್ನ ಕೊಡ್ತಾನಂತ, ಬಾ ಹೋಗೂಣು" ಎಂದ. ಹೋದೆವು. ಹೊಟೇಲ್ ಅಂದರೆ ದೊಡ್ಡದೇನಲ್ಲ. ತಗಡಿನ ಮಾಡು, ಆರೇಳು ಟೇಬಲ್ಲು, ಗೋಡೆಗೆ ಕೆಂಪು ಬಣ್ಣ, ಅದರ ಮೇಲೊಂದು ಡ್ರ್ಯಾಗನ್ ಚಿತ್ರ. ಬೀದಿಯ ಚೈನೀಸ್ ಗಾಡಿ ಸ್ವಲ್ಪ ಸ್ಥಿತಿವಂತ ಆಗಿ ಒಳಗೆ ಬಂದು ಕೂತ ಹಾಗೆ.

ಮೆನು ಕಾರ್ಡು ಮರಾಠಿ ಮತ್ತು ಇಂಗ್ಲಿಷಿನಲ್ಲಿತ್ತು. ಷೇಜ್ವಾನ್, ಮಂಚೂರಿಯನ್, ಟ್ರಿಪಲ್ ರೈಸ್, ಹಾಂಗ್‌ಕಾಂಗ್ ಪಾಟ್ ರೈಸ್. ಕನ್ನಡದ ಒಂದಕ್ಷರವೂ ಇರಲಿಲ್ಲ. ಅದರ ಬಗ್ಗೆ ನಮ್ಮ ತಕರಾರಿಲ್ಲ. ಮಹಾರಾಷ್ಟ್ರದಲ್ಲಿದ್ದೇವೆ, ಇಲ್ಲಿಯ ರಾಜ್ಯಭಾಷೆ ಮರಾಠಿ, ನಾವೂ ಅದನ್ನು ಓದಿ ಬರೆದು ಗೌರವಿಸುತ್ತೇವೆ. ಆದರೆ ಆ ಕಾರ್ಡು ಬಿಟ್ಟು ಅಲ್ಲಿ ಏನು ನಡೆದಿತ್ತು ನೋಡಿ. ಮಾಲೀಕ ಗಲ್ಲೆಯಲ್ಲಿ ಕೂತು ಕನ್ನಡದಲ್ಲಿ ಲೆಕ್ಕ ಕೇಳುತ್ತಿದ್ದ. ತಟ್ಟೆ ತೊಳೆಯುವ ಹುಡುಗರು ಕನ್ನಡದಲ್ಲಿ ಜಗಳ ಆಡುತ್ತಿದ್ದರು. ಕೋತಂಬರಿ, ಉಳ್ಳಾಗಡ್ಡಿ ತಂದಿಳಿಸಿದ ಮುದುಕ ಕನ್ನಡದಲ್ಲಿ ರೊಕ್ಕ ಕೇಳುತ್ತಿದ್ದ. ಅಡುಗೆ ಮಾಡುವವನು ನೇಪಾಳದವನು. ಅವನೂ ಒಳಗಿನಿಂದ, "ಅಣ್ಣಾ, ಖಾರಾ ಎಷ್ಟ್ ಬೇಕ್ರಿ?" ಎಂದ! ಮೂರು ವರ್ಷದಲ್ಲಿ ಕಲಿತನಂತೆ. ಸಂತೆಯಲ್ಲಿ ಕಾಯಿಪಲ್ಲೆ ಕೊಳ್ಳಬೇಕಲ್ಲ, ಕಲಿಯದೆ ಏನು ಮಾಡುತ್ತಾನೆ? ಊರಿನಿಂದ ಹೆಂಡತಿಯ ಫೋನ್ ಬಂದಾಗ ನೇಪಾಳಿಯಲ್ಲಿ ಮಾತಾಡಿದ. ನಾಲ್ಕು ಭಾಷೆ ಕಲಿತವನು ಒಂದನ್ನೂ ಕಳಕೊಂಡಿಲ್ಲ.

ಇದಿಷ್ಟೂ ಕಣ್ಣೆದುರೇ ನಡೆಯುತ್ತಿರುವಾಗ ಗೆಳೆಯ ಆ ಮಾತು ಆಡಿದ. "ಎಲ್ಲಾ ಖರೆ ಮಾಸ್ತರ, ಆದ್ರ ಕನ್ನಡ ಅನ್ನ ಕೊಡೂದಿಲ್ಲ. ಸಣ್ಣಾಕಿನ್ನೂ ಇಂಗ್ಲಿಷ್‌ಗೇ ಹಾಕ್ತೀನಿ."

ಅವನನ್ನು ಇಲ್ಲಿ ಹೀಯಾಳಿಸುವುದಿಲ್ಲ. ಅವನ ಮಾತಿನಲ್ಲಿ ಸತ್ಯವಿದೆ, ಅದನ್ನು ಮೊದಲು ಒಪ್ಪಿಕೊಳ್ಳೋಣ. ನಮ್ಮ ತಾಲೂಕಿನಲ್ಲಿ ಸಾತ್‌ಬಾರಾ ಉತಾರೆ ಮರಾಠಿಯಲ್ಲಿ ಬರುತ್ತದೆ. ಬ್ಯಾಂಕಿನ ಅರ್ಜಿಯಲ್ಲಿ ಕನ್ನಡ ಇಲ್ಲ. ಹತ್ತನೆಯ ಇಯತ್ತೆ ಮುಗಿಸಿದ ಹುಡುಗ ವಿಜ್ಞಾನ ತಗೊಂಡರೆ ಇಂಗ್ಲಿಷಿಗೆ ಹೋಗಲೇಬೇಕು. ಊರಲ್ಲಿ ಕೆಲಸ ಇಲ್ಲದೆ ಎಷ್ಟು ಕುಟುಂಬಗಳು ದೀಪಾವಳಿ ಹೊತ್ತಿಗೆ ಕಬ್ಬು ಕಡಿಯಲು ಹೋಗುತ್ತವೆ ಎನ್ನುವುದು ಹಾಜರಿ ಪುಸ್ತಕ ನೋಡಿದ ಶಿಕ್ಷಕರಿಗೆ ಗೊತ್ತು. ಹೊಟ್ಟೆಯ ಚಿಂತೆ ಇದ್ದವನು ಭಾಷೆಯ ಬಗ್ಗೆ ಹೀಗೆ ಕೇಳಿದರೆ ಅದು ತಪ್ಪಲ್ಲ. ಅವನ ಲೆಕ್ಕ ತಪ್ಪು, ಅದನ್ನು ತೋರಿಸುವುದು ನಮ್ಮ ಕೆಲಸ.

ಮೊದಲು ಆ 'ಅನ್ನ' ಎನ್ನುವ ಶಬ್ದವನ್ನೇ ತೆಗೆದುಕೊಳ್ಳಿ. ಜತ್ತ ಸೀಮೆಗೆ ಅನ್ನ ಯಾವತ್ತಿನದು ಸ್ವಾಮಿ? ನಮ್ಮ ಅಜ್ಜಂದಿರು ಅನ್ನ ಉಂಡದ್ದು ಹಬ್ಬಕ್ಕೆ, ಮದುವೆಗೆ, ಜಡ್ಡು ಬಂದಾಗ. ಈ ನೆಲ ಕೊಟ್ಟದ್ದು ಹಿಂಗಾರಿ ಜೋಳ. ನಮ್ಮ ಪಕ್ಕದ ಮಂಗಳವೇಢೆ... ಕಲ್ಯಾಣಕ್ಕೆ ಹೋಗುವ ಮೊದಲು ಬಸವಣ್ಣನವರು ಬಿಜ್ಜಳನಲ್ಲಿ ಕಾಯಕ ಮಾಡಿದ ಅದೇ ಮಂಗಳವೇಢೆ... ಅಲ್ಲಿಯ ಮಾಲದಂಡಿ ಜೋಳಕ್ಕೆ 2016ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. ಕರಿಮಣ್ಣು, ಸ್ವಲ್ಪ ಹಸಿ, ಚಳಿಗಾಲದ ಇಬ್ಬನಿ ಇಷ್ಟರಲ್ಲೇ ಬೆಳೆಯುವ ಪೈರು ಅದು. ನಡುವೆ ನಾವೇ ಅದನ್ನು ಬಡವರ ಊಟ ಎಂದು ಬದಿಗಿಟ್ಟೆವು. ರೇಷನ್ ಅಂಗಡಿಯ ಅಕ್ಕಿ ಬಂತು, ರೊಟ್ಟಿ ಬಡಿಯುವ ಕೈಗಳು ಕಡಿಮೆಯಾದವು. ಕೊನೆಗೆ 2023ರಲ್ಲಿ ಜಗತ್ತೆಲ್ಲ ಸಿರಿಧಾನ್ಯ ವರ್ಷ ಆಚರಿಸಿದಾಗ ಕೇಂದ್ರ ಸರ್ಕಾರ ಇದೇ ಜೋಳ, ಸಜ್ಜೆಗೆ 'ಶ್ರೀ ಅನ್ನ' ಎಂದು ಹೆಸರಿಟ್ಟಿತು! ಪೇಟೆಯವರು ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಪೊಟ್ಟಣ ಕಟ್ಟಿಸಿ ಒಯ್ಯುತ್ತಿದ್ದಾರೆ. ಯಾವುದು ಅನ್ನ, ಯಾವುದು ಅಲ್ಲ ಎಂದು ಬೇರೆಯವರು ಹೇಳುವ ತನಕ ನಮಗೆ ತಿಳಿಯುವುದಿಲ್ಲವೇ?

ಇನ್ನೊಂದು ಮಾತು. ಕನ್ನಡ ಶಾಲೆ ಅನ್ನ ಕೊಡೋದಿಲ್ಲ ಎನ್ನುತ್ತೀರಲ್ಲ, ದಿನಾ ಮಧ್ಯಾಹ್ನ ಒಂದರಿಂದ ಐದನೇ ಇಯತ್ತೆಯ ಮಗುವಿಗೆ 100 ಗ್ರಾಂ, ಆರರಿಂದ ಎಂಟಕ್ಕೆ 150 ಗ್ರಾಂ ಅಕ್ಕಿ ಲೆಕ್ಕ ಹಾಕಿ ಬೇಯಿಸಿ ಕೊಡುತ್ತೇವೆ. ಬೇಕಾದರೆ ರಜಿಸ್ಟರ್ ತೋರಿಸುತ್ತೇವೆ! (ಗೆಳೆಯ ಇದಕ್ಕೆ ನಕ್ಕ. ನಗಲಿ ಅಂತಲೇ ಹೇಳಿದ್ದು.)

ಅಷ್ಟರಲ್ಲಿ ಗಡಿಗೆ ಬಂತು. ಮಣ್ಣಿನದೇ, ಕೆಂಪಗೆ ಚೆನ್ನಾಗಿತ್ತು. ಮೇಲೆ ಗೊಜ್ಜಿನಂಥ ರಸ, ಕೆಳಗೆ ಎಣ್ಣೆಯಲ್ಲಿ ಹುರಿದ ಅನ್ನ, ನಡುವೆ ಎಲೆಕೋಸು, ಡೊಣ್ಣಮೆಣಸಿನಕಾಯಿ. ರುಚಿ ಇತ್ತು, ಸುಳ್ಳು ಯಾಕೆ ಹೇಳೋಣ. ಆದರೆ ಆ ಅನ್ನ ಗಡಿಗೆಯಲ್ಲಿ ಬೆಂದದ್ದಲ್ಲ. ಕುಕ್ಕರಿನಲ್ಲಿ ಬೆಂದು, ಕಬ್ಬಿಣದ ಕಡಾಯಿಯಲ್ಲಿ ಹುರಿಸಿಕೊಂಡು, ಕೊನೆಗೆ ಗಡಿಗೆಯಲ್ಲಿ ಬಂದು ಕೂತಿತ್ತು. ಗಡಿಗೆ ಬರೀ ತೋರಿಕೆಗೆ. ನಮ್ಮಲ್ಲಿ ಚೈನೀಸ್ ಅನ್ನುವುದೇ ಬಹಳಷ್ಟು ಹೀಗೆ. ಮಂಚೂರಿಯನ್ ಹುಟ್ಟಿದ್ದು ಚೀನಾದಲ್ಲಲ್ಲ, ಮುಂಬಯಿಯಲ್ಲಿ. ಕಲಕತ್ತೆಯ ಚೀನೀ ಮನೆತನದ ನೆಲ್ಸನ್ ವಾಂಗ್ 1975ರಲ್ಲಿ ಅಲ್ಲಿಯ ಕ್ಲಬ್ಬೊಂದರಲ್ಲಿ ಮೊದಲು ಮಾಡಿದರೆಂದು ಪ್ರಸಿದ್ಧಿ.

ನಿಜವಾದ ಗಡಿಗೆ ಅನ್ನ ಚೀನಾದ ದಕ್ಷಿಣದ ಗ್ವಾಂಗ್‌ಡಾಂಗ್ ಪ್ರಾಂತ್ಯದ್ದು. ನೆನೆಸಿದ ಹಸಿ ಅಕ್ಕಿಯನ್ನು ಪುಟ್ಟ ಮಣ್ಣಿನ ಗಡಿಗೆಗೆ ಹಾಕಿ ಇದ್ದಿಲ ಒಲೆಯ ಮೇಲಿಡುತ್ತಾರೆ. ಅರೆಬೆಂದಾಗ ಮೇಲೆ ಮಾಂಸ ಇಟ್ಟು ಮುಚ್ಚುತ್ತಾರೆ. ಗಡಿಗೆಯನ್ನು ಓರೆ ಮಾಡಿ ತಿರುಗಿಸುತ್ತ ಕಾಯಿಸಿದರೆ ತಳಕ್ಕೆ ಗರಿಗರಿ ಪದರ ಕಟ್ಟುತ್ತದೆ. ಆ ಪದರ ಕೆರೆದು ತಿನ್ನುವುದಕ್ಕೇ ಜನ ಬರುತ್ತಾರಂತೆ. ನಮ್ಮಲ್ಲಿ ಬಗುಣಿಯ ತಳ ಕೆರೆಯಲು ಮಕ್ಕಳು ಜಗಳಾಡುವ ಹಾಗೆ. ಅಲ್ಲಿ ಬೇಯಿಸಿದ್ದೂ ಗಡಿಗೆ, ಬಡಿಸಿದ್ದೂ ಗಡಿಗೆ.

ನಮ್ಮ ಗಡಿನಾಡಿನ ಎಷ್ಟೋ ಮುಖಂಡರಿಗೆ ಕನ್ನಡ ಈ ಹೊಟೇಲಿನ ಗಡಿಗೆಯ ಹಾಗೆ ಆಗಿದೆ. ಬೇಯಿಸುವುದು ಬೇರೆ ಪಾತ್ರೆಯಲ್ಲಿ, ತಂದು ಬಡಿಸುವುದು ಇದರಲ್ಲಿ. ಮಕ್ಕಳು ಇಂಗ್ಲಿಷ್ ಶಾಲೆಯ ಹಳದಿ ಬಸ್ಸು ಹತ್ತುತ್ತಾರೆ. ನವೆಂಬರ್ 1ಕ್ಕೆ ಅಪ್ಪ ಶಾಲು ಹೊದ್ದು ವೇದಿಕೆ ಹತ್ತುತ್ತಾನೆ! 2022ರ ನವೆಂಬರಿನಲ್ಲಿ ಜತ್ತದ ಹಳ್ಳಿಗಳು ಯಾವ ರಾಜ್ಯಕ್ಕೆ ಸೇರಬೇಕೆಂದು ಎರಡೂ ಕಡೆಯ ದೊಡ್ಡವರು ಮಾತಾಡಿದ್ದೇ ಮಾತಾಡಿದ್ದು. ಕ್ಯಾಮೆರಾ ಹಿಡಿದವರು ಬಂದರು, ನೀರಿನ ಬಗ್ಗೆ ಕೇಳಿದರು, ಕೇಳಬೇಕಾದ್ದೇ. ಆದರೆ ಈ ಹಳ್ಳಿಗಳ ಕನ್ನಡ ಶಾಲೆಗೆ ಈ ವರ್ಷ ಎಷ್ಟು ಮಕ್ಕಳು ಬಂದರು ಎಂದು ಕೇಳಿದವರನ್ನು ನಾವು ಕಾಣಲಿಲ್ಲ.

ಗೆಳೆಯನ ಮಾತಿಗೆ ಗಡಿಗೆ ಅನ್ನದ ಊರುಗಳಲ್ಲೇ ಉತ್ತರವಿದೆ. ಆ ಅನ್ನ ಗ್ವಾಂಗ್‌ಡಾಂಗ್‌ನಿಂದ ಜನರ ಜೊತೆ ಹೊರಟು ಎರಡು ದೊಡ್ಡ ಊರು ಸೇರಿತು. ಒಂದು ಹಾಂಗ್‌ಕಾಂಗ್, ಇನ್ನೊಂದು ಸಿಂಗಾಪುರ. ಎರಡೂ ಆಗ ಬ್ರಿಟಿಷರ ಕೈಯಲ್ಲಿದ್ದವು. ಎರಡೂ ಕಡೆ ಆ ಅನ್ನ ಬೇಯಿಸುವವರ ಮನೆಮಾತು ಕ್ಯಾಂಟನೀಸ್. ಸಿಂಗಾಪುರದಲ್ಲಿ ಹೊಕ್ಕಿಯನ್, ತಿಯೋಚ್ಯೂ ಮೊದಲಾದ ಮನೆಮಾತಿನ ಚೀನೀಯರೂ ಇದ್ದರು. 1979ರಲ್ಲಿ ಅಲ್ಲಿಯ ಸರ್ಕಾರ, ಮನೆಮಾತುಗಳನ್ನು ಬಿಡಿ, ಮ್ಯಾಂಡರಿನ್ ಆಡಿ ಎಂದು ಚಳವಳಿಯನ್ನೇ ಹೂಡಿತು. ರೇಡಿಯೋ, ಟಿವಿಯಿಂದ ಆ ಮಾತುಗಳು ಒಂದೊಂದಾಗಿ ಹೋದವು. 1987ರ ಹೊತ್ತಿಗೆ ಶಾಲೆಗಳೆಲ್ಲ ಇಂಗ್ಲಿಷ್ ಮಾಧ್ಯಮವಾದವು. ನಮ್ಮ ಗೆಳೆಯ ಹೇಳುವ ಲೆಕ್ಕವೇ ಅದು. ಹೊಟ್ಟೆಗೆ ಉಪಯೋಗವಿಲ್ಲದ ಮಾತು ಯಾಕೆ?

ಸಿಂಗಾಪುರ ಶ್ರೀಮಂತವಾಯಿತು, ನಿಜ. ಆದರೆ ಹಾಂಗ್‌ಕಾಂಗ್? ಅಲ್ಲಿ ಮನೆಯಲ್ಲಿ ಕ್ಯಾಂಟನೀಸ್, ಬೀದಿಯಲ್ಲಿ ಕ್ಯಾಂಟನೀಸ್, ಸಿನಿಮಾ ಕ್ಯಾಂಟನೀಸ್, ಹೆಚ್ಚಿನ ಪ್ರಾಥಮಿಕ ಶಾಲೆಗಳಲ್ಲಿ ಪಾಠವೂ ಕ್ಯಾಂಟನೀಸ್. ಇಂಗ್ಲಿಷನ್ನೂ ಕಲಿತರು, ವ್ಯಾಪಾರಕ್ಕೆ ಬೇಕಲ್ಲ. ಅದೂ ಶ್ರೀಮಂತವಾಯಿತು! ಎರಡೂ ಊರಲ್ಲಿ ಅದೇ ಗಡಿಗೆ, ಅದೇ ಅನ್ನ, ಮುಗಿಲು ಮುಟ್ಟುವ ಅದೇ ಕಟ್ಟಡಗಳು. ಒಬ್ಬರು ಮನೆಮಾತು ಬಿಟ್ಟು ಉಂಡರು, ಇನ್ನೊಬ್ಬರು ಇಟ್ಟುಕೊಂಡು ಉಂಡರು. ಹಾಗಾದರೆ ಅನ್ನ ಕೊಟ್ಟದ್ದು ಮನೆಮಾತು ಬಿಟ್ಟಿದ್ದರಿಂದಲೇ? ಬಂದರು, ವ್ಯಾಪಾರ, ಕಾರ್ಖಾನೆ, ದುಡಿಮೆ ಅನ್ನ ಕೊಟ್ಟವು. ಮನೆಮಾತು ಬಿಟ್ಟದ್ದರ ಖರ್ಚು ಮಾತ್ರ ಬೇರೆ ಖಾತೆಯಲ್ಲಿ ಬರೆಯಬೇಕಾಯಿತು. ಸಿಂಗಾಪುರದಲ್ಲಿ ಎಷ್ಟೋ ಮೊಮ್ಮಕ್ಕಳಿಗೆ ಅಜ್ಜಿಯ ಮಾತು ತಿಳಿಯದಾಯಿತು. ಮುದುಕರಿಗೆ ಸರ್ಕಾರಿ ಯೋಜನೆಗಳನ್ನು ತಿಳಿಸಲು ಸರ್ಕಾರವೇ 2016ರಲ್ಲಿ ಹೊಕ್ಕಿಯನ್ ಮಾತಿನಲ್ಲಿ ಟಿವಿ ಧಾರಾವಾಹಿ ಮಾಡಿಸಬೇಕಾಯಿತು. ಅದರ ಹೆಸರೇನು ಗೊತ್ತೇ? ನಮ್ಮ ಮಾತಿನಲ್ಲಿ ಹೇಳುವುದಾದರೆ, "ಊಟಾತೇನು?"

ಇದನ್ನು ಹೇಳಿದಾಗ ಗೆಳೆಯ ಸುಮ್ಮನಾದ. ಅವನ ತಾಯಿ ಇನ್ನೂ ಇದ್ದಾರೆ. ಹಿರಿಯ ಮಗ ಅವರೊಂದಿಗೆ ಮಾತಾಡುವುದು ಕಡಿಮೆ ಎಂದು ಹಿಂದೊಮ್ಮೆ ಅವನೇ ಹೇಳಿದ್ದ. ನಾವು ಅದನ್ನು ಎತ್ತಲಿಲ್ಲ.

ಕ್ಯಾಂಟನೀಸ್ ಆಡುವವರು ಕೈಕಟ್ಟಿ ಕೂತವರಲ್ಲ. ಗ್ವಾಂಗ್‌ಡಾಂಗ್‌ನ ರಾಜಧಾನಿ ಗ್ವಾಂಗ್‌ಝೌನಲ್ಲಿ 2010ರಲ್ಲಿ ಟಿವಿಯಲ್ಲಿ ಕ್ಯಾಂಟನೀಸ್ ಬದಲು ಮ್ಯಾಂಡರಿನ್ ತರಬೇಕೆಂಬ ಸಲಹೆ ಬಂದಾಗ ಜನ ಬೀದಿಗಿಳಿದರು. ಅಷ್ಟು ದೂರ ಯಾಕೆ ಹೋಗಬೇಕು? ನಮ್ಮ ಮಹಾರಾಷ್ಟ್ರದಲ್ಲೇ 2025ರ ಏಪ್ರಿಲ್‌ನಲ್ಲಿ ಮರಾಠಿ, ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ ಒಂದನೇ ಇಯತ್ತೆಯಿಂದ ಹಿಂದಿ ಎಂದು ಸರ್ಕಾರದ ಆದೇಶ ಬಂತು. ಮರಾಠಿ ಬಂಧುಗಳು ಎಷ್ಟು ಗಟ್ಟಿಯಾಗಿ ಬೇಡವೆಂದರೆಂದರೆ ಜೂನ್ 29ಕ್ಕೆ ಸರ್ಕಾರ ಆದೇಶ ಹಿಂತೆಗೆದುಕೊಂಡಿತು. ಆರು ವರ್ಷದ ಮಗುವಿನ ಮೇಲೆ ಯಾವ ಭಾಷೆಯ ಹೊರೆ ಹೊರಿಸಬೇಕು ಎನ್ನುವುದು ಸಣ್ಣ ವಿಷಯವಲ್ಲ ಎಂದು ಅವರು ತೋರಿಸಿಕೊಟ್ಟರು. ಅವರಿಗೆ ನಮ್ಮ ನಮಸ್ಕಾರ. ನಾವು ಕೇಳುವುದೂ ಅದನ್ನೇ.

ಹಾಗೆಂದು ಬರೀ ಕನ್ನಡ ಕಲಿಯಿರಿ ಎಂದು ಯಾವ ಕನ್ನಡ ಶಾಲೆಯೂ ಹೇಳಿಲ್ಲ. ಈ ತಪ್ಪು ತಿಳಿವಳಿಕೆ ಊರೂರಲ್ಲಿ ಹಬ್ಬಿದೆ. ಮಹಾರಾಷ್ಟ್ರದ ಶಾಲೆಗಳಲ್ಲಿ 2000ನೇ ಇಸವಿಯಿಂದ ಒಂದನೇ ಇಯತ್ತೆಯಿಂದಲೇ ಇಂಗ್ಲಿಷ್ ಇದೆ. 2020ರ ಕಾಯ್ದೆಯಂತೆ ಯಾವ ಮಾಧ್ಯಮದ ಶಾಲೆಯಾದರೂ ಮರಾಠಿ ಕಡ್ಡಾಯ. ಕನ್ನಡದ ಪುಸ್ತಕಗಳನ್ನು ಪುಣೆಯ ಬಾಲಭಾರತಿಯೇ ಅಚ್ಚು ಹಾಕುತ್ತದೆ. ಅಂದರೆ ನಮ್ಮ ಶಾಲೆಯ ಮಗು ಮೂರು ಲಿಪಿ ಕಲಿಯುತ್ತದೆ. ಗಣಿತವನ್ನು, ಪರಿಸರವನ್ನು ಮಾತ್ರ ತಾಯಿಯ ಮಾತಿನಲ್ಲಿ ತಿಳಿದುಕೊಳ್ಳುತ್ತದೆ. ಸಂವಿಧಾನದ 350ಎ ವಿಧಿ 1956ರಿಂದ ಹೇಳುತ್ತಿರುವುದು ಇದನ್ನೇ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಿದ್ದಲ್ಲಿ ಕನಿಷ್ಠ ಐದನೆಯ ತರಗತಿವರೆಗೆ ಮನೆಮಾತಿನಲ್ಲೇ ಪಾಠ ನಡೆಯಲಿ ಎಂದಿತು. ಮನೆಯಲ್ಲಿ ಇಂಗ್ಲಿಷ್ ಆಡುವವರು ಒಬ್ಬರೂ ಇಲ್ಲದ ಮಗು ಇಂಗ್ಲಿಷ್ ಶಾಲೆಯಲ್ಲಿ ಮೊದಲ ಎರಡು ವರ್ಷ ಏನು ಮಾಡುತ್ತದೆ? ಫಳ್ಯಾದ ಮೇಲಿನದನ್ನು ವಹಿಗೆ ಇಳಿಸುತ್ತದೆ. ಅಕ್ಷರ ದುಂಡಗಿರುತ್ತದೆ, ಅಪ್ಪ ಖುಷಿಪಡುತ್ತಾನೆ. 'ಮೈನಸ್' ಎಂದರೆ ಕಳೆಯುವುದೆಂದು ಮಗುವಿಗೆ ತಿಳಿದಿದೆಯೇ ಎಂದು ಯಾರೂ ಕೇಳುವುದಿಲ್ಲ. ನಮ್ಮ ಶಾಲೆಯಲ್ಲಿ ಹತ್ತು ಕುರಿಮರಿಯಲ್ಲಿ ಮೂರನ್ನು ಸಂತೆಗೆ ಹೊಡೆದರೆ ಎಷ್ಟು ಉಳಿದವು ಎಂದರೆ ಮಗು ಬೆರಳೂ ಮಡಚುವುದಿಲ್ಲ. ಮಾಡಗ್ಯಾಳದ ಮಗುವಿಗೆ ಕುರಿಯ ಲೆಕ್ಕ ಹೇಳಿಕೊಡಬೇಕೇ? 2020ರಲ್ಲಿ ಆಟಪಾಡಿ ತಾಲೂಕಿನ ಒಂದು ಮಾಡಗ್ಯಾಳ ಟಗರನ್ನು 70 ಲಕ್ಷಕ್ಕೆ ಕೇಳಿದರೂ ಸಾಕಿದವರು ಕೊಡಲಿಲ್ಲವೆಂದು ಪತ್ರಿಕೆಗಳಲ್ಲಿ ಬಂದಿತ್ತು. ಆ ಟಗರು ಆ ಬೆಲೆಗೆ ಏರಿದ್ದು ಯಾವ ಭಾಷೆಯ ಕುರುಬರ ತಲೆಮಾರುಗಳ ಕಣ್ಣಳತೆಯಿಂದ? ಕನ್ನಡ ಅನ್ನ ಕೊಡೋದಿಲ್ಲವಂತೆ!

ಈ ಪಟಸಂಖ್ಯೆ ಶಿಕ್ಷಕರ ನೌಕರಿಯ ಚಿಂತೆಯಷ್ಟೇ ಎಂದು ಕೆಲವರು ಹೇಳುತ್ತಾರೆ. 20ಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗಳನ್ನು ಕೂಡಿಸಿ ಸಮೂಹ ಶಾಲೆ ಮಾಡುವ ವಿಚಾರವನ್ನು ರಾಜ್ಯ ಸರ್ಕಾರ 2023ರಲ್ಲೇ ಎತ್ತಿತು. ಕೂಡಿಸಿದರೆ ನಮ್ಮನ್ನು ಬೇರೆ ಊರಿಗೆ ಹಾಕುತ್ತಾರೆ, ಪಗಾರ ನಿಲ್ಲುವುದಿಲ್ಲ. ವಸತಿಯ ಬಡ ಮಗುವಿಗೆ ಮಾತ್ರ ಶಾಲೆ ದೂರವಾಗುತ್ತದೆ. ಗೆಳೆಯನ ಹತ್ತಿರ ಬೈಕಿದೆ, ಜೀಪಿದೆ, ಅವನ ಮಗಳು ಎಲ್ಲಿಯಾದರೂ ಕಲಿಯುತ್ತಾಳೆ. ಅವನಂಥ ಇಪ್ಪತ್ತು ಮನೆಯವರು ಹೋದ ಮೇಲೆ ಕಬ್ಬು ಕಡಿಯುವವನ ಮಗಳಿಗೆ ಉಳಿಯುವುದು ಬೀಗ ಹಾಕಿದ ಶಾಲೆ. ಕನ್ನಡ ಬಿಟ್ಟರೆ ಯಾರ ಅನ್ನ ಹೋಗುತ್ತದೆ ಎಂದು ಇಲ್ಲಿ ನೋಡಬೇಕು.

ಇನ್ನು ಕೊನೆಯದಾಗಿ ಒಂದು ಮಾಹಿತಿ. ಗೆಳೆಯನಿಗೆ ಇದು ಗೊತ್ತೇ ಇರಲಿಲ್ಲ, ಬಹಳ ಪಾಲಕರಿಗೂ ಗೊತ್ತಿಲ್ಲ. ಕರ್ನಾಟಕದ ವೃತ್ತಿಶಿಕ್ಷಣದ ಸಿಇಟಿಯಲ್ಲಿ ಗಡಿನಾಡು ಕನ್ನಡಿಗರೆಂಬ ಅರ್ಹತೆಯ ವರ್ಗವೇ ಇದೆ. ದಕ್ಷಿಣ ಸೋಲಾಪುರ, ಅಕ್ಕಲಕೋಟ, ಜತ್ತ, ಗಡಹಿಂಗ್ಲಜ, ಅತ್ತ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳ ಕನ್ನಡ ಮಾತೃಭಾಷೆಯ ಮಕ್ಕಳು ಅದರಲ್ಲಿ ಬರುತ್ತಾರೆ. ವಾಸದ ಅವಧಿ, ಓದಿದ ಶಾಲೆ ಇತ್ಯಾದಿ ನಿಬಂಧನೆಗಳಿವೆ, ಆಯಾ ವರ್ಷದ ಕೈಪಿಡಿ ಓದಿಕೊಳ್ಳಿ. ಇಂಥವರಿಗೆ ಒಂದು ಕನ್ನಡ ಭಾಷಾ ಪರೀಕ್ಷೆ ಇರುತ್ತದೆ. ಕಷ್ಟದ್ದಲ್ಲ, ಪ್ರಾಥಮಿಕ ಶಾಲೆಯ ಮಟ್ಟದ್ದು. ಇಂಜಿನಿಯರಿಂಗ್ ಸೀಟಿನ ಬಾಗಿಲಲ್ಲಿ ನಿಂತ ನಮ್ಮ ಕಡೆಯ ಹುಡುಗನಿಗೆ ಅಲ್ಲಿ ಕೇಳುವುದು ಕನ್ನಡ ಓದಲು ಬರೆಯಲು ಬರುತ್ತದೆಯೇ ಎಂದು!

ಆದ್ದರಿಂದ ಪಾಲಕರೇ, ಈ ಜೂನ್‌ನಲ್ಲಿ ಮಗುವನ್ನು ಕನ್ನಡ ಶಾಲೆಗೇ ತನ್ನಿ. ತರಲಾರದವರು ಯಾವ ಶಾಲೆಗೆ ಹಾಕಿದರೂ ಪ್ರವೇಶ ಅರ್ಜಿಯಲ್ಲಿ ಮಾತೃಭಾಷೆ ಎಂಬ ಕಾಲಂ ಇರುತ್ತದೆ, ಅದರಲ್ಲಿ ಕನ್ನಡ ಎಂದು ಬರೆಸಿ. ಗುಮಾಸ್ತ ಅಭ್ಯಾಸದಂತೆ ಮರಾಠಿ ಎಂದು ತುಂಬಿದರೆ ಅಲ್ಲೇ ತಿದ್ದಿಸಿ. ಜನರಲ್ ರಜಿಸ್ಟರಿಗೆ ಹೋದದ್ದೇ ಮುಂದೆ ಶಾಲೆ ಬಿಟ್ಟ ದಾಖಲೆಗೆ ಬರುತ್ತದೆ. ಹತ್ತನೆಯ ಇಯತ್ತೆ ಮುಗಿದ ಮೇಲೆ ಆ ಒಂದು ಶಬ್ದ ಬದಲಿಸಲು ಕಚೇರಿಯಿಂದ ಕಚೇರಿಗೆ ಅಲೆಯುವವರನ್ನು ನಾವು ನೋಡಿದ್ದೇವೆ. ಅರ್ಜಿ ತುಂಬಲು ಬಾರದವರು ಯಾವುದೇ ಊರಿನ ಕನ್ನಡ ಶಾಲೆಗೆ ಬನ್ನಿ, ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಯಾರಾದರೊಬ್ಬ ಶಿಕ್ಷಕರು ತುಂಬಿಕೊಡುತ್ತಾರೆ.